ಬೀಳದ ಹಿಮದ ತರ್ಕ

ಚಳಿಗಾಲ ಕಾಲಿಟ್ಟಿತೆಂದರೆ ಹವಾಮಾನದ ಗೀಳು ಹತ್ತಿಸಿಕೊಂಡವರ ಮಾತು ಎಲ್ಲೆಲ್ಲೋ ಸುತ್ತಿ ನಂದಿಬೆಟ್ಟಕ್ಕೆ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಜಾವ 12 ಡಿಗ್ರಿ ಇದ್ದರೆ ಬೆಟ್ಟದ ಮೇಲೆ ಎಷ್ಟಿರಬಹುದು, ಒಂಬತ್ತೇ, ಎಂಟೇ? ಎಂಟಿದ್ದರೆ ಸೊನ್ನೆ ಇನ್ನೆಷ್ಟು ದೂರ? ಹಾಗಿರುವಾಗ ಎಂದೋ ಒಂದು ಪುಷ್ಯಮಾಸದ ರಾತ್ರಿ ಯೋಗನಂದೀಶ್ವರನ ಗುಡಿಯ ಮೇಲೆ ಹಿಮ ಬಿದ್ದೀತೆಂದರೆ ಅದರಲ್ಲಿ ಆಗಬಾರದ್ದೇನಿದೆ? ಕತ್ತಲಲ್ಲೇ ಸ್ಕಂದಗಿರಿ ಹತ್ತಿ, ಹೊತ್ತು ಮೂಡುವಾಗ ಕೆಳಗಿನ ಬಯಲನ್ನೆಲ್ಲ ಮುಚ್ಚಿದ ಬಿಳಿ ಮಂಜನ್ನು ಕಂಡವರಿಗಂತೂ ಈ ಆಸೆ ಇನ್ನೂ ಹತ್ತಿರದ್ದು. ಉಳಿದವರು ಇದನ್ನು ಕೇಳಿ ನಕ್ಕುಬಿಡುತ್ತಾರೆ. ನಗುವುದು ಸುಲಭ. ಯಾಕೆ ನಗುತ್ತೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಇದುವರೆಗೆ ಯಾರೂ ಕಂಡಿಲ್ಲ. ಯಾರೂ ಕಂಡಿಲ್ಲ ಎಂಬುದರಿಂದ ಮುಂದೆಯೂ ಆಗದು ಎಂಬುದು ಹೇಗೆ ಹೊರಡುತ್ತದೆ ಎಂದು ಮರುಪ್ರಶ್ನೆ ಹಾಕಿದರೆ ನಗು ಅರ್ಧಕ್ಕೆ ನಿಲ್ಲುತ್ತದೆ. ಕಳವಾರ ಸೀಮೆಯಲ್ಲಿ, ಅಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನೆಲದ ಮೇಲೆ, ಹಿಮ ಬೀಳುವುದಿಲ್ಲ ಎಂದು ನಾವು ಧೈರ್ಯವಾಗಿ ಹೇಳಬಹುದು ಎಂಬುದು ನನ್ನ ವಾದ. ಆದರೆ ಆ ಧೈರ್ಯಕ್ಕೆ ಆಧಾರವಾಗಬೇಕಾದದ್ದು ಬೀಳದಂತೆ ತಡೆಯುತ್ತಿರುವುದು ಏನು ಎಂಬ ತಿಳಿವು. ಹಿಂದೆ ಬಿದ್ದಿಲ್ಲವೆಂಬ ನೆನಪು ಅದಕ್ಕೆ ಸಾಲದು. ಹಿಮದ ವಿಷಯದಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ಅಂತರ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಗಿ ಮಾಡುವ ಹೋಮ, ಕಾಲಜ್ಞಾನ, ಪವಾಡ ಇವುಗಳ ಹತ್ತಿರ ಬಂದಾಗ ಆ ಅಂತರ ದೊಡ್ಡದಾಗುತ್ತದೆ.

ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಲಾಕ್ 1690ರಲ್ಲಿ ಹೊರತಂದ ತನ್ನ ದೊಡ್ಡ ಗ್ರಂಥದಲ್ಲಿ ಒಂದು ಕಥೆ ಹೇಳುತ್ತಾನೆ. ಸಯಾಮಿನ ರಾಜನ ಮುಂದೆ ಡಚ್ ರಾಯಭಾರಿಯೊಬ್ಬ ತನ್ನ ದೇಶದ ವಿಶೇಷಗಳನ್ನು ಬಣ್ಣಿಸುತ್ತಿದ್ದನಂತೆ. ಚಳಿಗಾಲದಲ್ಲಿ ಅಲ್ಲಿ ನೀರು ಗಟ್ಟಿಯಾಗಿ ಜನ ಅದರ ಮೇಲೆ ನಡೆದಾಡುತ್ತಾರೆ, ಆನೆ ಬಂದು ನಿಂತರೂ ತಡೆದೀತು ಎಂದಾಗ ರಾಜನ ತಾಳ್ಮೆ ಮುಗಿಯಿತು. ಅದುವರೆಗೆ ಹೇಳಿದ ವಿಚಿತ್ರಗಳನ್ನೆಲ್ಲ ನಂಬಿದ್ದ ಆತ, ಈಗ ಇವನು ಸುಳ್ಳುಗಾರನೆಂಬುದು ಖಚಿತವಾಯಿತು ಎಂದುಬಿಟ್ಟ. ಆ ಕಾಲದ ಸಯಾಮಿನ ರಾಜಧಾನಿ ಅಯುತ್ಥಯಕ್ಕೂ ನಮ್ಮ ಚಿಂತಾಮಣಿಗೂ ಅಕ್ಷಾಂಶದಲ್ಲಿ ಸುಮಾರು ಒಂದು ಡಿಗ್ರಿಯಷ್ಟೇ ವ್ಯತ್ಯಾಸ. ಆ ಸಿಂಹಾಸನದ ಮೇಲೆ ಅಂದಿನ ಚಿಕ್ಕಬಳ್ಳಾಪುರದ ಪಾಳೆಯಗಾರನನ್ನು ಕೂರಿಸಿದ್ದರೂ ತೀರ್ಪು ಬೇರೆಯಾಗುತ್ತಿರಲಿಲ್ಲ. ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಬರೆಯುವಾಗ ಈ ಕಥೆಯನ್ನೇ ಹೋಲುವ ಇನ್ನೊಂದನ್ನು, ನೀರು ಹೆಪ್ಪುಗಟ್ಟುವುದನ್ನು ನಂಬದ ಭಾರತದ ರಾಜನೊಬ್ಬನ ಕಥೆಯನ್ನು, ಎತ್ತಿಕೊಂಡು, ಅವನು ಸರಿಯಾಗಿಯೇ ತರ್ಕಿಸಿದ ಎಂದ. ನಂಬಿಕೆಯನ್ನು ಅನುಭವದ ತೂಕಕ್ಕೆ ತಕ್ಕಂತೆ ಅಳೆಯಬೇಕು, ಅವನ ಅನುಭವದಲ್ಲಿ ಮಂಜುಗಡ್ಡೆ ಇರಲಿಲ್ಲ ಎಂಬುದು ಹ್ಯೂಮನ ಸಮರ್ಥನೆ. ಇದು ತೀರ ಉದಾರವಾದ ತೀರ್ಪೆಂದು ನನಗನ್ನಿಸುತ್ತದೆ. ಸಾಕ್ಷಿ ಸಾಲದು, ಇನ್ನಷ್ಟು ಬೇಕು ಎಂದಿದ್ದರೆ ರಾಜನನ್ನು ಮೆಚ್ಚಬಹುದಿತ್ತು. ಅವನು ಹಾಗೆನ್ನಲಿಲ್ಲ. ತಾನು ಕಂಡದ್ದರ ಎಲ್ಲೆಯೇ ಲೋಕದ ಎಲ್ಲೆ ಎಂದುಕೊಂಡ. ಚಳಿ ಹೆಚ್ಚಾದಾಗ ತುಪ್ಪವೋ ಎಣ್ಣೆಯೋ ಗಟ್ಟಿಯಾಗುವುದು ಬೆಚ್ಚಗಿನ ನಾಡುಗಳಿಗೂ ಹೊಸದಲ್ಲ. ದ್ರವವಾಗಿದ್ದದ್ದು ಚಳಿಗೆ ಗಟ್ಟಿಯಾಗುತ್ತದೆ ಎಂಬ ಎಳೆ ಅವನ ಅಡುಗೆಮನೆಯಲ್ಲೇ ಇತ್ತು. ನಿಮ್ಮಲ್ಲಿ ಚಳಿ ಎಷ್ಟು, ಎಷ್ಟು ದಿನ ಇರುತ್ತದೆ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಂದಿಯ ಮೇಲೆ ಹಿಮ ಬೀಳುತ್ತದೆಯೇ ಎಂದಾಗ ನಕ್ಕು ಸುಮ್ಮನಾಗುವವನು ಅದೇ ರಾಜನ ವಂಶದವನು. ಅವನ ಉತ್ತರ ಸರಿಯಾಗಿರುವುದು ಅವನ ಅದೃಷ್ಟ.

ನಮ್ಮ ನೈಯಾಯಿಕರು ಇದೇ ತೊಡಕನ್ನು ಲಾಕ್‌ಗಿಂತ ಬಹಳ ಹಿಂದೆ, ಅದೂ ಮಳೆಯನ್ನೇ ಮುಂದಿಟ್ಟುಕೊಂಡು ಬಿಡಿಸಲು ಹೊರಟವರು. ಗೌತಮನ ನ್ಯಾಯಸೂತ್ರಗಳಿಗೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ ಅನುಮಾನವೆಂಬ ಪ್ರಮಾಣಕ್ಕೆ ಬರುವ ಉದಾಹರಣೆಗಳು ಇವು: ಮೋಡ ಕವಿದದ್ದನ್ನು ಕಂಡು ಮಳೆ ಬರಲಿದೆ ಎನ್ನುವುದು, ಹೊಳೆ ತುಂಬಿ ಹರಿಯುವುದನ್ನು ಕಂಡು ಮೇಲುಗಡೆ ಮಳೆಯಾಗಿದೆ ಎನ್ನುವುದು. ಇದಕ್ಕೆ ಪೂರ್ವಪಕ್ಷಿಯ ಆಕ್ಷೇಪವನ್ನು ಸೂತ್ರಕಾರನೇ ಎತ್ತಿಕೊಳ್ಳುತ್ತಾನೆ. ಹೊಳೆ ಉಕ್ಕಿದ್ದು ಯಾರೋ ಕಟ್ಟೆ ಕಟ್ಟಿ ನೀರು ತಡೆದದ್ದರಿಂದಲೂ ಆಗಿರಬಹುದು. ಇರುವೆಗಳು ಮೊಟ್ಟೆ ಹೊತ್ತು ಸಾಗುತ್ತಿರುವುದು ಮಳೆಯ ಸೂಚನೆಯಾಗದೆ ಯಾರೋ ಗೂಡು ಕೆಡವಿದ್ದರಿಂದ ಇರಬಹುದು. ನವಿಲಿನ ಕೂಗು ಕೇಳಿದ್ದು ಮನುಷ್ಯನ ಅಣಕು ಇರಬಹುದು. ಆದ್ದರಿಂದ ಅನುಮಾನ ನಂಬಲರ್ಹವಲ್ಲ. ಸಿದ್ಧಾಂತಿ ಇದಕ್ಕೆ ಕೊಡುವ ಉತ್ತರ ಬಹಳ ಚೆಂದ. ಬರೀ ನೀರೇರಿದ್ದನ್ನು ನೋಡಿ ಯಾರೂ ಮಳೆಯನ್ನು ಊಹಿಸುವುದಿಲ್ಲ. ನೀರಿನ ರಭಸ, ನೊರೆ, ಅದು ಹೊತ್ತು ತರುವ ಎಲೆ, ಹಣ್ಣು, ಕಟ್ಟಿಗೆ, ಇವೆಲ್ಲ ಕೂಡಿದ ತುಂಬುಹೊಳೆಯೇ ಬೇರೆ, ಕಟ್ಟೆಯ ಹಿಂದೆ ನಿಂತ ನೀರೇ ಬೇರೆ. ಬೆದರಿ ಓಡುವ ನಾಲ್ಕು ಇರುವೆಗಳೇ ಬೇರೆ, ಊರೆಲ್ಲ ಸಾಲುಗಟ್ಟಿದ ಇರುವೆಗಳೇ ಬೇರೆ. ತಪ್ಪು ಊಹಿಸುವವನ ನೋಟದ್ದು, ಅನುಮಾನದ್ದಲ್ಲ. ಈ ಚರ್ಚೆ ಎಷ್ಟು ಹೊಸದೆಂಬುದು ಚಿಕ್ಕಬಳ್ಳಾಪುರದ ಕೆರೆ ಏರಿಗಳ ಮೇಲೆ ನಿಂತರೆ ತಿಳಿಯುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪುಗಳಿಂದ ಎತ್ತಿ ಇಲ್ಲಿನ ಕೆರೆಗಳಿಗೆ ಬಿಡುವ ಯೋಜನೆ ಬಂದ ಮೇಲೆ, ಕೆರೆಯಲ್ಲಿ ನೀರಿದೆ, ಆದ್ದರಿಂದ ಮಳೆಯಾಗಿದೆ ಎಂಬ ಅನುಮಾನ ಸುಳ್ಳಾಗಬಹುದು. ಪೂರ್ವಪಕ್ಷಿಯ ಕಟ್ಟೆ ಈಗ ಕೊಳವೆಯ ರೂಪದಲ್ಲಿ ಬಂದಿದೆ. ಉತ್ತರವೂ ಹಳೆಯದೇ: ಕೋಡಿಯನ್ನಷ್ಟೇ ನೋಡಬೇಡ, ಕೆರೆಗೆ ಬರುವ ರಾಜಕಾಲುವೆಯನ್ನೂ ನೋಡು.

ಹಿಮದ ಲೆಕ್ಕಕ್ಕೆ ಈಗ ಬರಬಹುದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ನಂದಿ 1,478 ಮೀಟರ್. ಒಂದು ಕಿಲೋಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆಂಬ ಪಠ್ಯಪುಸ್ತಕದ ಸೂತ್ರವನ್ನು ಹಾಕಿದರೆ ಆ ರಾತ್ರಿ ನಂದಿಯ ಮೇಲೆ 4 ಡಿಗ್ರಿಯ ಆಸುಪಾಸು ಇದ್ದಿರಬೇಕು. ಹವ್ಯಾಸಿಗಳ ಆಸೆ ಚಿಗುರುವುದು ಇಲ್ಲೇ: ಇನ್ನು ನಾಲ್ಕೇ ಡಿಗ್ರಿ! ಆದರೆ ಈ ಲೆಕ್ಕ ಪೂರ್ವಪಕ್ಷಿಯ ಹೊಳೆಯಂಥದು, ಒಂದೇ ಗುರುತನ್ನು ನೋಡಿ ಮಾಡಿದ್ದು. ನಮ್ಮ ಕಡೆ ಕಡುಚಳಿಯ ರಾತ್ರಿ ಎಂದರೆ ಆಕಾಶ ತಿಳಿಯಾಗಿ, ಗಾಳಿ ಒಣಗಿ, ನೆಲದ ಶಾಖವೆಲ್ಲ ಮೇಲಕ್ಕೆ ಸೋರಿಹೋಗುವ ರಾತ್ರಿ. ಅಂಥ ರಾತ್ರಿ ತಣ್ಣಗಾಗುವುದು ನೆಲಕ್ಕೆ ಅಂಟಿದ ತೆಳುವಾದ ಒಂದು ಪದರ ಮಾತ್ರ. ತಂಪು ಗಾಳಿ ಭಾರವಾಗಿ ತಗ್ಗಿಗೆ ಇಳಿದು ಬಯಲೇ ಬೆಟ್ಟಕ್ಕಿಂತ ತಣ್ಣಗಿರುವುದೂ ಉಂಟು, ಹಾಗಾಗಿ ಮೇಲಿನ 4 ಡಿಗ್ರಿಯೂ ಸಂಶಯದ್ದೇ. ಸ್ಕಂದಗಿರಿಯ ಮೇಲಿಂದ ಕಾಣುವ ಮಂಜಿನ ಕಡಲು ಹುಟ್ಟುವುದೂ ಈ ತಲೆಕೆಳಗಾದ ವ್ಯವಸ್ಥೆಯಿಂದ. ಹಿಮ ಬೀಳಬೇಕಾದರೆ ಮೊದಲು ಮೋಡ ಬೇಕು. ಚಳಿಗಾಲದಲ್ಲಿ ನಮಗೆ ಮೋಡ ಬರುವುದು ಬಂಗಾಳ ಕೊಲ್ಲಿಯಿಂದ. ಮೋಡ ಬಂದ ರಾತ್ರಿ ನೆಲದ ಶಾಖ ಹೊರಗೆ ಹೋಗದೆ ಉಷ್ಣತೆ ಮೂರು ನಾಲ್ಕು ಡಿಗ್ರಿ ಏರಿಬಿಡುತ್ತದೆ. ಚಳಿಗೆ ಬೇಕಾದದ್ದು ಬರಿಯ ಆಕಾಶ, ಹಿಮಕ್ಕೆ ಬೇಕಾದದ್ದು ತುಂಬಿದ ಆಕಾಶ. ಕಳವಾರದಲ್ಲಿ ಈ ಎರಡೂ ಒಂದೇ ರಾತ್ರಿ ಬರುವುದಿಲ್ಲ. ಬಂಗಾಳ ಮತ್ತು ಅಲಹಾಬಾದಿನ ಕಡೆ ಹದಿನೆಂಟನೆಯ ಶತಮಾನದಲ್ಲಿ ಮಂಜುಗಡ್ಡೆ ಮಾಡುತ್ತಿದ್ದ ರೀತಿಯನ್ನು ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ವರದಿ ಮಾಡಿದ್ದಾನೆ. ಬಯಲಲ್ಲಿ ಹುಲ್ಲು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ, ತಿಳಿಯಾದ ರಾತ್ರಿ ಕಳೆಯುವಷ್ಟರಲ್ಲಿ ಅದರ ಮೇಲೆ ಗಡ್ಡೆ ಕಟ್ಟುತ್ತಿತ್ತು. ನೀರು ಹೆಪ್ಪುಗಟ್ಟಿದ ನೆಲದಲ್ಲಿ ಹಿಮ ಬೀಳುತ್ತದೆ ಎಂಬ ನಿಯಮವಿಲ್ಲ ಎಂಬುದಕ್ಕೆ ಇಷ್ಟು ಸಾಕು. 2,240 ಮೀಟರ್ ಎತ್ತರದ ಊಟಿಯಲ್ಲಿ ಜನವರಿಯ ಬೆಳಗ್ಗೆ ಹುಲ್ಲುಗಾವಲು ಬೆಳ್ಳಗಾಗುವುದೂ ಹೆಪ್ಪುಗಟ್ಟಿದ ಇಬ್ಬನಿಯಿಂದ. ಪ್ರವಾಸಿಗರು ಅದರ ಚಿತ್ರ ತೆಗೆದು ಹಿಮವೆಂದು ಹಂಚುತ್ತಾರೆ, ಅದು ಬೇರೆ ಮಾತು.

ಇದರಾಚೆಗೂ ಒಂದು ಅಳತೆ ಇದೆ, ಅದೇ ಈ ವಾದದ ಬೆನ್ನೆಲುಬು. ದಕ್ಷಿಣ ಭಾರತದ ಮೇಲೆ ಚಳಿಗಾಲದಲ್ಲೂ ಗಾಳಿಯ ಉಷ್ಣತೆ ಸೊನ್ನೆ ಡಿಗ್ರಿ ಮುಟ್ಟುವುದು ಸುಮಾರು 4.5ರಿಂದ 5 ಕಿಲೋಮೀಟರ್ ಎತ್ತರದಲ್ಲಿ. ಹವಾಮಾನ ಇಲಾಖೆಯ ಬಲೂನುಗಳು ಆಕಾಶಕ್ಕೇರಿ ಇದನ್ನು ಅಳೆದು ತರುತ್ತಲೇ ಇರುತ್ತವೆ. ಹಿಮದ ಹಳಕು ಈ ಗೆರೆಯಿಂದ ಕೆಳಗೆ ಕೆಲವು ನೂರು ಮೀಟರ್ ಕರಗದೆ ಇಳಿಯಬಹುದು, ಅದಕ್ಕಿಂತ ಹೆಚ್ಚಿಲ್ಲ. ಅದು ನಂದಿಯ ನೆತ್ತಿ ಮುಟ್ಟಬೇಕಾದರೆ ಗೆರೆಯೇ ಮೂರು ಕಿಲೋಮೀಟರಿನಷ್ಟು ಕುಸಿಯಬೇಕು, ಎಂದರೆ ಮೇಲಿನ ಗಾಳಿಯ ಕಂಬವೆಲ್ಲ ಸುಮಾರು 20 ಡಿಗ್ರಿ ತಣ್ಣಗಾಗಬೇಕು. ಇದು ಎಷ್ಟು ದೊಡ್ಡ ಬೇಡಿಕೆ ಎಂಬುದನ್ನು ಭೂಮಿಯ ಚರಿತ್ರೆಯೇ ಹೇಳುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಕಳೆದ ಹಿಮಯುಗ ತನ್ನ ತುದಿ ಮುಟ್ಟಿದ್ದಾಗ, ಉಷ್ಣವಲಯದ ಪರ್ವತಗಳ ಹಿಮರೇಖೆ ಕೆಳಗಿಳಿದದ್ದು ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಉತ್ತರ ಅಮೆರಿಕ, ಯುರೋಪುಗಳ ದೊಡ್ಡ ಭಾಗ ಮಂಜುಗಡ್ಡೆಯಡಿ ಹೂತಿದ್ದ ಕಾಲದಲ್ಲೂ ನಂದಿಗೆ ಹಿಮ ಇಳಿಯಲು ಇನ್ನೂ ಎರಡು ಕಿಲೋಮೀಟರ್ ಬಾಕಿ ಇತ್ತು. ಆಗ ಇಲ್ಲಿ ನೋಡಲು ಯಾರಿದ್ದರು, ಯಾರು ಬರೆದಿಟ್ಟರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬೀಳುವುದಿಲ್ಲ ಎಂಬ ತಿಳಿವಿಗೆ ಸಾಕ್ಷಿದಾರರ ಸಂಖ್ಯೆಯ ಹಂಗಿಲ್ಲ.

ಆಗ ಒಬ್ಬರು ಸಹಾರಾ ಮರುಭೂಮಿಯ ಮಾತೆತ್ತುತ್ತಾರೆ. ಅಲ್ಜೀರಿಯಾದ ಐನ್ ಸೆಫ್ರಾ ಪಟ್ಟಣದ ಕೆಂಪು ಮರಳುದಿಣ್ಣೆಗಳ ಮೇಲೆ 2016ರ ಡಿಸೆಂಬರಿನಲ್ಲೂ 2018ರ ಜನವರಿಯಲ್ಲೂ ಹಿಮ ಬಿತ್ತು, ಲೋಕವೆಲ್ಲ ಆ ಚಿತ್ರಗಳನ್ನು ನೋಡಿತು. ಆ ಊರು ನಂದಿಗಿಂತಲೂ ತಗ್ಗಿನಲ್ಲಿದೆ. ಮರುಭೂಮಿಗೆ ಆಗುವುದು ಬೆಟ್ಟಕ್ಕೇಕೆ ಆಗಬಾರದು? ನ್ಯಾಯಸೂತ್ರದ ಪೂರ್ವಪಕ್ಷದಲ್ಲಿ ಮೂರನೆಯದಾಗಿ ಬಂದ ಸಾದೃಶ್ಯದೋಷ ಇದೇ: ನವಿಲಿನ ಕೂಗಿಗೂ ಅಣಕು ಕೂಗಿಗೂ ಹೋಲಿಕೆ ಇದೆ, ಕಾರಣ ಬೇರೆ. ಐನ್ ಸೆಫ್ರಾ ಇರುವುದು ಉತ್ತರ ಅಕ್ಷಾಂಶ 32 ಡಿಗ್ರಿ ದಾಟಿದ ಮೇಲೆ, ಅಟ್ಲಾಸ್ ಪರ್ವತಗಳ ಮಗ್ಗುಲಲ್ಲಿ, ಯುರೋಪಿನ ಕಡೆಯಿಂದ ತಂಪು ಗಾಳಿ ಇಳಿದು ಬರಬಲ್ಲ ದಾರಿಯಲ್ಲಿ. ನಂದಿ ಇರುವುದು ಹದಿಮೂರು ಚಿಲ್ಲರೆ ಡಿಗ್ರಿಯಲ್ಲಿ. ಮರುಭೂಮಿ ಎಂದರೆ ಸುಡುಬಿಸಿಲು ಎಂದುಕೊಂಡವನಿಗೆ ಅದು ಪವಾಡದಂತೆ ಕಾಣುತ್ತದೆ, ಮರುಭೂಮಿ ಎಂದರೆ ಮಳೆ ಕಡಿಮೆ ಬೀಳುವ ನೆಲ ಎಂದು ತಿಳಿದವನಿಗೆ ಕಾಣುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಉದಾಹರಣೆ ದಕ್ಷಿಣ ಚೀನಾದ್ದು. 2016ರ ಜನವರಿಯಲ್ಲಿ ಗುವಾಂಗ್‌ಝೌ ನಗರದಲ್ಲಿ, ಕರ್ಕಾಟಕ ವೃತ್ತದ ಹತ್ತಿರ, ಸಮುದ್ರಮಟ್ಟದಲ್ಲೇ ಹಿಮದ ಹಳಕುಗಳು ಕಂಡವು. ಅಲ್ಲಿ ಎಷ್ಟೋ ದಶಕಗಳಿಂದ ಯಾರೂ ಅದನ್ನು ಕಂಡಿರಲಿಲ್ಲ. ಯಾರೂ ಕಂಡಿಲ್ಲ ಎಂಬುದನ್ನೇ ನೆಚ್ಚಿ ನಕ್ಕಿದ್ದವನು ಅಲ್ಲಿ ಸೋತ. ಕಾರಣವನ್ನು ನೋಡುವವನು ಸೋಲುತ್ತಿರಲಿಲ್ಲ, ಏಕೆಂದರೆ ಸೈಬೀರಿಯದ ಶೀತಗಾಳಿಗೂ ದಕ್ಷಿಣ ಚೀನಾಕ್ಕೂ ನಡುವೆ ಅಡ್ಡಗೋಡೆಯಿಲ್ಲ. ನಮ್ಮ ಉತ್ತರಕ್ಕೆ ಹಿಮಾಲಯವಿದೆ. ಗುವಾಂಗ್‌ಝೌನಲ್ಲಿ ಹಿಮ ಅಪರೂಪವಾಗಿತ್ತು, ನಂದಿಯಲ್ಲಿ ಅದಕ್ಕೆ ದಾರಿಯೇ ಇಲ್ಲ. ಹೊರಗಿನಿಂದ ನೋಡುವವನಿಗೆ ಎರಡೂ ‘ಕಂಡಿಲ್ಲ’ ಎಂಬ ಒಂದೇ ಖಾತೆಗೆ ಸೇರುತ್ತವೆ.

ಇನ್ನೊಂದು ಆಕ್ಷೇಪ ಹೆಚ್ಚು ಆಳವಾದದ್ದು, ಚಾರ್ವಾಕನದ್ದು. ನೀವು ಹೇಳುವ ಕಾರಣಗಳೂ ಕೊನೆಗೆ ಹಿಂದೆ ಕಂಡವುಗಳಿಂದಲೇ ಕಟ್ಟಿದವು. ಎತ್ತರಕ್ಕೆ ಹೋದಂತೆ ತಂಪಾಗುತ್ತದೆ, ಮೋಡ ಶಾಖವನ್ನು ಹಿಡಿದಿಡುತ್ತದೆ ಎಂಬ ವ್ಯಾಪ್ತಿ, ಎಂದರೆ ತಪ್ಪದ ಸಂಬಂಧ, ನಾಳೆಯೂ ನಿಲ್ಲುತ್ತದೆಂದು ಯಾರು ಮಾತು ಕೊಟ್ಟರು? ಹವಾಮಾನವೇ ಬದಲಾಗುತ್ತಿರುವ ಕಾಲದಲ್ಲಂತೂ ಏನು ಬೇಕಾದರೂ ಆಗಬಹುದಲ್ಲ? ಎರಡನೆಯ ಭಾಗಕ್ಕೆ ಉತ್ತರ ಚಿಕ್ಕದು. ಬದಲಾವಣೆ ಎಂದರೆ ಯಾವ ದಿಕ್ಕಿಗಾದರೂ ಸರಿ ಎಂದಲ್ಲ. ಭೂಮಿ ಬಿಸಿಯಾದಂತೆ ಸೊನ್ನೆ ಡಿಗ್ರಿಯ ಗೆರೆ ಮೇಲೇರುತ್ತದೆ, ನಂದಿಯಿಂದ ಇನ್ನೂ ದೂರ ಹೋಗುತ್ತದೆ. ಮೊದಲನೆಯ ಭಾಗಕ್ಕೆ ಹತ್ತನೆಯ ಶತಮಾನದ ಸುಮಾರಿನ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಕಾಣದ್ದೆಲ್ಲ ಇಲ್ಲವೆನ್ನುವ ಚಾರ್ವಾಕ ಮನೆಯಿಂದ ಹೊರಗೆ ಹೋದಾಗ, ಕಣ್ಣಿಗೆ ಕಾಣದ ಹೆಂಡತಿ ಮಕ್ಕಳು ಇಲ್ಲವೆಂದು ಎದೆ ಬಡಿದುಕೊಂಡು ಅಳಬೇಕಾಗುತ್ತದೆ ಎಂದು ಅವನು ಛೇಡಿಸುತ್ತಾನೆ. ಛೇಡಿಕೆಯ ಹಿಂದಿನ ತತ್ತ್ವ ಗಂಭೀರವಾದದ್ದು: ಸಂಶಯಕ್ಕೂ ಒಂದು ಎಲ್ಲೆ ಇದೆ, ಸಂಶಯಪಡುವವನ ನಡವಳಿಕೆಗೇ ಅದು ವಿರುದ್ಧವಾಗುವಲ್ಲಿ ಆ ಎಲ್ಲೆ ಬರುತ್ತದೆ. ಬೆಂಕಿಯಿಂದ ಹೊಗೆ ಬರುತ್ತದೆಯೋ ಇಲ್ಲವೋ ಎನ್ನುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನೆ. ನಂದಿಯ ಮೇಲೆ ಹಿಮ ಬೀಳಬಹುದು ಎನ್ನುವ ಹವ್ಯಾಸಿಯೂ ಬೆಟ್ಟ ಹತ್ತುವಾಗ ಸ್ವೆಟರು ಹಾಕಿಕೊಳ್ಳುತ್ತಾನೆಯೇ ಹೊರತು ಹಿಮಕ್ಕೆ ಬೇಕಾದ ಬೂಟು ಕೊಳ್ಳುವುದಿಲ್ಲ. ಚಾರ್ವಾಕ ಇದಕ್ಕೂ ಸಿದ್ಧನಿದ್ದ: ಲೋಕವ್ಯವಹಾರಕ್ಕೆ ನಿಶ್ಚಯ ಬೇಡ, ಸಂಭಾವನೆ ಸಾಕು ಎಂದ. ಇಂದಿನ ಮುನ್ಸೂಚನೆಯ ಶೇಕಡಾ ಲೆಕ್ಕ ಅವನ ಮಾತಿನ ಮುಂದುವರಿಕೆಯೆನ್ನಬಹುದು. ಅಷ್ಟರ ಮಟ್ಟಿಗೆ ಅವನಿಗೆ ಒಂದು ಅಂಕ ಕೊಡಲೇಬೇಕು. ಆದರೆ ಶೇ 30 ಎನ್ನುವುದಕ್ಕೂ ಶೇ 60 ಎನ್ನುವುದಕ್ಕೂ ಬೆಲೆ ಬರುವುದು ಮೋಡ, ತೇವಾಂಶ, ಗಾಳಿಗಳ ಕಾರಣಸಂಬಂಧವನ್ನು ಒಪ್ಪಿದ ಮೇಲೆ. ಕಾರಣವನ್ನು ಕೈಬಿಟ್ಟ ಸಂಭಾವನೆ ಅರ್ಧ ಹೌದು, ಅರ್ಧ ಅಲ್ಲ ಎಂಬುದರಾಚೆ ಒಂದು ಹೆಜ್ಜೆಯೂ ಇಡಲಾರದು.

ಆಸ್ತಿಕರ ಆಕ್ಷೇಪ ಇದರಿಂದ ಬೇರೆ. ಸರ್ವಶಕ್ತನಾದ ದೇವರಿಗೆ ಮೂರು ಕಿಲೋಮೀಟರ್ ಏನು ಲೆಕ್ಕ, ಅವನು ಮನಸ್ಸು ಮಾಡಿದರೆ ಬೀಳುತ್ತದೆ. ಈ ಮಾತನ್ನು ಅಲ್ಲಗಳೆಯುವ ಗೋಜಿಗೆ ನಾನು ಹೋಗುವುದಿಲ್ಲ, ಅಲ್ಲಗಳೆಯಲು ಅದರಲ್ಲಿ ಹಿಡಿಯೇ ಇಲ್ಲ. ದೇವರು ಏನನ್ನು ಮಾಡಬಲ್ಲ ಎಂಬುದು ಈ ಚಳಿಗಾಲದಲ್ಲಿ ಏನು ಮಾಡುತ್ತಾನೆ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ನಂಬಿಕೆ ಮುನ್ಸೂಚನೆಯ ಕೆಲಸವನ್ನೂ ತಾನೇ ಮಾಡಲು ಹೊರಟಾಗ ತೊಡಕು ಶುರು. ತೈತ್ತಿರೀಯ ಸಂಹಿತೆಯಲ್ಲಿ ಮಳೆಗಾಗಿ ಮಾಡುವ ಕಾರೀರೀ ಎಂಬ ಇಷ್ಟಿ ಇದೆ. ಯಜಮಾನ ಕಪ್ಪು ಬಟ್ಟೆ ಉಡಬೇಕು, ಅದು ಮಳೆಯ ರೂಪ. ಸ್ವರ್ಗದಂಥ ಫಲವಾದರೆ ಸತ್ತ ಮೇಲೆ ನೋಡಿಕೊಳ್ಳಬಹುದು, ಮಳೆ ಹಾಗಲ್ಲ, ಬಿತ್ತಿದ ಪೈರು ಕಾಯುವುದಿಲ್ಲ. ಇಷ್ಟಿ ಮಾಡಿಯೂ ಫಲ ಬರದಿದ್ದರೆ ವೇದವೇ ಸುಳ್ಳಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ನ್ಯಾಯಸೂತ್ರ ಎದುರಿಸಿ, ಲೋಪ ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ಇರಬೇಕು ಎಂದು ಸಮಾಧಾನ ಹೇಳುತ್ತದೆ. ಇರುವೆ, ಹೊಳೆಗಳ ಬಗ್ಗೆ ಅಷ್ಟು ಚುರುಕಾಗಿ ಮಾತನಾಡಿದ ಗ್ರಂಥ ಇಲ್ಲಿ ಜಾರಿಕೊಂಡಿತೆಂದೇ ನನ್ನ ಅನಿಸಿಕೆ. ಯಾವ ಲೋಪ ಎಂದು ಮೊದಲೇ ಹೇಳದೆ, ಮಳೆ ಬಾರದ ಮೇಲೆ ಲೋಪವಿತ್ತು ಎಂದರೆ ಆ ಸಿದ್ಧಾಂತವನ್ನು ಯಾವ ಬರಗಾಲವೂ ಅಲ್ಲಾಡಿಸಲಾರದು. ಅಲ್ಲಾಡಿಸಲಾಗದ್ದು ಗಟ್ಟಿಯಾದದ್ದೆಂದು ತಿಳಿಯುವುದು ಧಾರ್ಮಿಕ ಚಿಂತನೆಯ ಹಳೆಯ ಚಾಳಿ. ನಂದಿಯ ಹಿಮದ ಬಗ್ಗೆ ನನ್ನ ಹೇಳಿಕೆಯನ್ನು ಸುಳ್ಳುಮಾಡಬಲ್ಲದ್ದು ಏನೆಂದು ಈಗಲೇ ಹೇಳಬಲ್ಲೆ: ಬಲೂನಿನ ಅಳತೆಯಲ್ಲಿ ಸೊನ್ನೆಯ ಗೆರೆ ಎರಡು ಕಿಲೋಮೀಟರಿಗಿಂತ ಕೆಳಗೆ ಬಂದ ದಿನ ಈ ಪ್ರಬಂಧವನ್ನು ಹರಿದುಹಾಕಬಹುದು. 2019ರಲ್ಲಿ ಮುಜರಾಯಿ ಇಲಾಖೆ ದೇವಾಲಯಗಳಲ್ಲಿ ಪರ್ಜನ್ಯ ಜಪ, ಹೋಮಗಳನ್ನು ಮಾಡಿಸಲು ಸುತ್ತೋಲೆ ಹೊರಡಿಸಿದಾಗ ಅದರ ಜೊತೆ ಇಂಥ ಷರತ್ತು ಇರಲಿಲ್ಲ, ಇರುವುದೂ ಸಾಧ್ಯವಿಲ್ಲ.

ಹಾಗೆಂದು ಮಳೆಗಾಗಿ ಕೈಮುಗಿಯುವುದೆಲ್ಲ ಮೂಢನಂಬಿಕೆಯೇ? ನಾನು ಒಪ್ಪುವುದಿಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಳೆ ತಡವಾದಾಗ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಹೆಂಗಸರು ಅದರ ಮೇಲೆ ನೀರು ಸುರಿದು ಹುಡುಗರಿಗೆ ಹಿಟ್ಟೋ ಕಾಳೋ ಕೊಡುತ್ತಿದ್ದರು. ಅಲ್ಲಿ ಮಳೆ ಬರುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ, ಬಾ ಎಂದು ಕರೆಯುತ್ತಿದ್ದರು. ಕರೆಯುವುದು ನಿಜವೂ ಅಲ್ಲ, ಸುಳ್ಳೂ ಅಲ್ಲ, ಅದು ಪ್ರಮಾಣದ ಕಟಕಟೆಯಲ್ಲಿ ನಿಲ್ಲಬೇಕಾದ ಮಾತೇ ಅಲ್ಲ. ಕಾಲಜ್ಞಾನದ ಸ್ಥಿತಿ ಬೇರೆ. ಚಿಂತಾಮಣಿಯ ಹತ್ತಿರದ ಕೈವಾರದ ಯೋಗಿ ನಾರೇಯಣರ ಹೆಸರಿನಲ್ಲಿ ತೆಲುಗಿನ ಕಾಲಜ್ಞಾನವಿದೆ, ತಾತಯ್ಯ ಎಂದೇ ಕರೆಯುವ ಅವರ ಮಾತಿಗೆ ಈ ಸೀಮೆಯಲ್ಲಿ ಇಂದಿಗೂ ಗೌರವವಿದೆ. ಭಕ್ತರು ಲೋಕದಲ್ಲಿ ನಡೆದ ಒಂದೊಂದು ಘಟನೆಯನ್ನೂ ಆ ಪದಗಳಿಗೆ ಹೊಂದಿಸಿ ಮೊದಲೇ ಹೇಳಿದ್ದರು ಎನ್ನುವಾಗ ನನಗೆ ಬೇಸರವಾಗುವುದು ತಾತಯ್ಯನವರ ಪರವಾಗಿ. ಬದುಕು ನಿಲ್ಲುವುದಲ್ಲ, ಗರ್ವ ಪಡಬೇಡ ಎಂಬ ಎಚ್ಚರಿಕೆಯಾಗಿ ಓದಿದರೆ ಅಂಥ ರಚನೆಗಳಿಗೆ ಬಲವಿದೆ. ಆಗಿಹೋದದ್ದಕ್ಕೆ ಅಂಟಿಸುವ ಚೀಟಿಯಾಗಿ ಓದಿದರೆ ಆ ಬಲವೆಲ್ಲ ಸೋರಿಹೋಗುತ್ತದೆ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸುವ ಸಮಿತಿಯನ್ನು ನೇಮಿಸಿದರು. ಅದರ ವಿರುದ್ಧ ಎದ್ದ ಟೀಕೆಗಳಲ್ಲಿ ಹೆಚ್ಚಿನವು, ನಂಬಿಕೆಯ ವಿಷಯದಲ್ಲಿ ಪರೀಕ್ಷೆ ಏಕೆ ಎಂಬ ಬಗೆಯವು. ಗಾಳಿಯಿಂದ ವಸ್ತು ಬಂತು ಎಂಬುದು ಕರೆಯಲ್ಲ, ಹೇಳಿಕೆ. ಹೇಳಿಕೆಯಾದ ಮೇಲೆ ಅದು ಬಲೂನಿನ ಅಳತೆಗೆ ಒಳಪಡುವ ಹಿಮದ ಜಾತಿಗೇ ಸೇರಿತು. ಸಮಿತಿ ಕೇಳಿದ್ದು ಅಷ್ಟನ್ನೇ, ಅದರಲ್ಲಿ ನಾಸ್ತಿಕತೆಯ ಅಗತ್ಯವೂ ಇರಲಿಲ್ಲ.

ಇಷ್ಟಕ್ಕೂ ಬೀಳದ ಹಿಮದ ಮೇಲೆ ಇಷ್ಟು ಮಾತು ಬೇಕೇ, ರಾಗಿ ಬೆಳೆಯುವವನಿಗೆ ಇದರಿಂದೇನು ಎಂಬ ಪ್ರಶ್ನೆ ಉಳಿದಿದೆ. ರಾಗಿ ಬೆಳೆಯುವವನಿಗೂ ಹಿಮಕ್ಕೂ ಇರುವ ನಂಟು ನಮ್ಮ ದೇಶದ ಮುಂಗಾರು ಮುನ್ಸೂಚನೆಯಷ್ಟೇ ಹಳೆಯದು. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 78ರ ಬರ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ನುಂಗಿತು. ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾಗಿದ್ದ ಹೆನ್ರಿ ಬ್ಲ್ಯಾನ್‌ಫರ್ಡ್ ಅದರ ಬೆನ್ನಲ್ಲೇ ಒಂದು ಸಂಗತಿ ಗಮನಿಸಿದ: ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದು ತಡವಾಗಿ ಕರಗಿದ ವರ್ಷ ಬಯಲಿನಲ್ಲಿ ಮಳೆ ಕಡಿಮೆ. 1884ರಲ್ಲಿ ಅದನ್ನು ಸಿದ್ಧಾಂತವಾಗಿ ಮಂಡಿಸಿದ, 1886ರಲ್ಲಿ ಅದರ ಆಧಾರದ ಮೇಲೆ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು. ಮುಂದೆ ಗಿಲ್ಬರ್ಟ್ ವಾಕರ್ ಶಾಂತ ಸಾಗರದ ಒತ್ತಡದ ಏರಿಳಿತಗಳನ್ನೂ ಸೇರಿಸಿದ. ಕಾಲ ಕಳೆದಂತೆ ಹಿಮಕ್ಕೂ ಮುಂಗಾರಿಗೂ ಇರುವ ಆ ಸಂಬಂಧ ಸಡಿಲವಾಯಿತು, ಕೆಲವು ದಶಕಗಳಲ್ಲಿ ಕಾಣದಷ್ಟು ಸಡಿಲ. ಇದು ನನ್ನ ವಾದಕ್ಕೆ ವಿರುದ್ಧವಲ್ಲವೇ ಎಂದರೆ, ಬೆಂಬಲವೆಂದೇ ನನ್ನ ಎಣಿಕೆ. ಎರಡು ಸಂಗತಿ ಜೊತೆಜೊತೆಯಾಗಿ ಕಂಡಿವೆ ಎಂಬುದರ ಮೇಲೆ ಹೆಚ್ಚು ಭಾರ ಹಾಕಿದ ತಿಳಿವು ಅಲ್ಲಾಡಿತು. ನೀರು ಎಲ್ಲಿ ಹೆಪ್ಪುಗಟ್ಟುತ್ತದೆ ಎಂಬುದನ್ನು ನೆಚ್ಚಿದ ತಿಳಿವು ಅಲ್ಲಾಡಿಲ್ಲ. ‘ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ’ ಎಂಬ ಗಾದೆಯನ್ನೂ ಇದೇ ತಕ್ಕಡಿಯಲ್ಲಿಡಬಹುದು: ಆರಿದ್ರ ನಕ್ಷತ್ರ ಮಳೆ ತರುತ್ತದೆ ಎಂದು ಓದಿದರೆ ಹಗುರ, ಜೂನ್ ಕೊನೆಯ ವಾರಗಳಲ್ಲಿ ಹದ ಸಿಗದಿದ್ದರೆ ಬಿತ್ತನೆಯ ಲೆಕ್ಕ ತಪ್ಪುತ್ತದೆ ಎಂದು ಓದಿದರೆ ತೂಕ.

ಹಿಮದ ಹವ್ಯಾಸಿಗಳಿಗೆ ಒಂದು ಸಮಾಧಾನವೂ ಇದೆ. ಮಾರ್ಚ್‌ನಿಂದ ಮೇ ವರೆಗೆ ಕಳವಾರದ ಮೇಲೆ ಏಳುವ ಗುಡುಗು ಮೋಡಗಳು ಸೊನ್ನೆಯ ಗೆರೆಯನ್ನು ದಾಟಿ ಹತ್ತು ಕಿಲೋಮೀಟರಿಗೂ ಮೇಲೆ ಹೋಗುತ್ತವೆ, ಅಲ್ಲಿ ಇರುವುದೆಲ್ಲ ಹಿಮದ ಹರಳುಗಳೇ. ಅವು ಇಳಿಯುತ್ತ ಕರಗಿ ಹನಿಯಾಗುತ್ತವೆ. ಕರಗುವ ಆ ಮಟ್ಟ ರಾಡಾರಿನಲ್ಲಿ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಬೇಸಿಗೆಯ ಸಂಜೆ ಚಿಕ್ಕಬಳ್ಳಾಪುರದ ಪೇಟೆಯಲ್ಲಿ ನೆನೆದವನ ಮೈಮೇಲೆ ಬಿದ್ದದ್ದರಲ್ಲಿ ಒಂದಷ್ಟು ನಾಲ್ಕೈದು ಕಿಲೋಮೀಟರ್ ಮೇಲೆ ಹಿಮವೇ ಆಗಿತ್ತು. ಕರಗದೆ ನೆಲ ಮುಟ್ಟುವುದು ಆಲಿಕಲ್ಲು ಮಾತ್ರ, ಅದೂ ಬೀಳುವುದು ಕಡುಬೇಸಿಗೆಯಲ್ಲಿ. ಊಹೆ ಮಾಡುವ ಉಮೇದು ಇದ್ದವರು ಇದರ ಕಡೆ ತಿರುಗಬೇಕೆಂದು ನನ್ನ ಕೋರಿಕೆ. ಇಲ್ಲಿ ಕಾರಣ ತಿಳಿದಿದೆ, ಆದರೆ ಇಂದು ಸಂಜೆ ಅದು ನಂದಿ ಹೋಬಳಿಯ ಮೇಲೋ ಮಂಡಿಕಲ್ಲಿನ ಮೇಲೋ ಎಂಬುದು ತಿಳಿದಿಲ್ಲ. ಸಂಭಾವನೆ ಎಂಬ ಮಾತಿಗೆ ನಿಜವಾದ ಕೆಲಸ ಇರುವುದು ಇಂಥಲ್ಲಿ. ಬರದ ಮೇಲೆ ಕಣ್ಣಿಡಲೆಂದು 1988ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಘಟಕ ಮುಂದೆ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳವರೆಗೆ ಮಳೆಮಾಪಕಗಳನ್ನು ಇಟ್ಟಿದೆ. ಆದರೂ ಆಲಿಕಲ್ಲು ಕೆಲವೇ ನಿಮಿಷ, ಕೆಲವೇ ತೋಟಗಳ ಅಗಲಕ್ಕೆ ಸುರಿದು ಹೋಗುವುದರಿಂದ ಎಷ್ಟೋ ಸಲ ಯಾವ ಮಾಪಕದ ಕಣ್ಣಿಗೂ ಬೀಳುವುದಿಲ್ಲ. ಬಿದ್ದ ಹೊತ್ತು, ಕಲ್ಲಿನ ಗಾತ್ರ, ಎಲ್ಲಿಂದ ಎಲ್ಲಿಯವರೆಗೆ ಎಂದು ಹವ್ಯಾಸಿಗಳು ಬರೆದಿಟ್ಟರೆ ಅದು ಬೇರೆ ಯಾರ ಹತ್ತಿರವೂ ಇಲ್ಲದ ದಾಖಲೆಯಾಗುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ ಹಾಕಿದವನು ಆ ಕೆಲವು ನಿಮಿಷಗಳಲ್ಲಿ ವರ್ಷದ ದುಡಿಮೆ ಕಳೆದುಕೊಳ್ಳುತ್ತಾನೆ. ಚಪ್ಪರದ ಮೇಲೆ ಬಲೆ ಹಾಕಿಸಲು ಸಾಲ ಮಾಡಬೇಕೋ ಬೇಡವೋ ಎಂದು ಅವನು ತೀರ್ಮಾನಿಸಬೇಕಾದದ್ದು ಫೆಬ್ರವರಿಯಲ್ಲೇ, ಮೋಡ ಏಳುವುದಕ್ಕೆ ಮುಂಚೆ.